ಕ್ಯಾಸೆಟ್ಟಿನಲ್ಲಿ ಇಲ್ಲದ ಆಟ

ಶುಕ್ರವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಎರಡು ತಿಂಡಿ. ನಾನು ದೋಸೆ ಹೊಯ್ಯುತ್ತಿದ್ದೆ. ಯಜಮಾನರು ಬೇಕರಿಯ ಸಾಲಿನಲ್ಲಿ ನಿಂತು ಬಿಸಿ ಖುಬೂಸ್ ತರುತ್ತಿದ್ದರು. ತಂದ ರೊಟ್ಟಿ ಬೆವರಬಾರದೆಂದು ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಒಂದೊಂದಾಗಿ ಹರಡಿಡುತ್ತಿದ್ದರು. ಆಮೇಲೆ ಎರಡನ್ನೂ ತಿನ್ನುತ್ತಿದ್ದವರು ಅವರೊಬ್ಬರೇ.

ಅಂಥದೊಂದು ಶುಕ್ರವಾರ, 1990ರ ಮೇ ತಿಂಗಳು. ಆಗಸ್ಟಿನಲ್ಲಿ ನಾವಿದ್ದ ಕುವೈತಿಗೆ ಏನು ಕಾದಿದೆಯೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮನೆಯ ತಳಮಳವೆಲ್ಲ ಒಂದು ಶಟಲ್ ಬ್ಯಾಡ್ಮಿಂಟನ್ ಪಂದ್ಯದ ಬಗ್ಗೆ.

ಮಗಳು ಮಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದಳು, ಕಾಲೇಜಿನ ಟೀಮಿನಲ್ಲಿದ್ದಳು. ರಜೆಗೆ ನಮ್ಮಲ್ಲಿಗೆ ಬಂದವಳು ಅಲ್ಲಿದ್ದ ನಮ್ಮ ಊರಿನವರ ಸಂಘದ ಟೂರ್ನಮೆಂಟಿಗೆ ಹೆಸರು ಕೊಟ್ಟಿದ್ದಳು. ಹಿಂದಿನ ಶುಕ್ರವಾರ ಲೀಗ್ ಆಟದಲ್ಲಿ, ತನಗಿಂತ ಎರಡು ವರ್ಷ ಚಿಕ್ಕ ಹುಡುಗಿಯ ಎದುರು ಸೋತಳು. ಉಳಿದವರನ್ನೆಲ್ಲ ಸೋಲಿಸಿದ್ದರಿಂದ ಈ ದಿನ ಸಂಜೆ ಫೈನಲ್, ಅದೇ ಹುಡುಗಿಯೊಡನೆ. ಕಾಲೇಜು ಶುರುವಾದ ಕೂಡಲೇ ಯೂನಿವರ್ಸಿಟಿ ಟೀಮಿನ ಆಯ್ಕೆ ಇತ್ತು. "ಇವತ್ತೂ ಸೋತ್ರೆ ನಾನು ಸೆಲೆಕ್ಷನ್‌ಗೆ ಹೋಗುದೇ ಇಲ್ಲ. ಆಟವೇ ಬಿಡ್ತೇನೆ" ಎಂದು ವಾರದಿಂದ ಹೇಳುತ್ತಿದ್ದಳು. ತಮಾಷೆಗೆ ಹೇಳುವ ಹುಡುಗಿಯಲ್ಲ ಅವಳು. ಹಾಗೆಯೇ ಒಂದು ದಿನ ಭರತನಾಟ್ಯ ಬಿಟ್ಟಿದ್ದಳು.

"ತಿಂಡಿ ಆದ ಮೇಲೆ ಎಲ್ಲರೂ ಕೂತು ಹೋದ ವಾರದ ಕ್ಯಾಸೆಟ್ ನೋಡುವ" ಎಂದರು ಇವರು. ಹೊಸ ವಿಡಿಯೋ ಕ್ಯಾಮೆರಾ ತಂದ ಮೇಲೆ ಅವರು ಬರಿಗೈಯಲ್ಲಿ ಎಲ್ಲಿಗೂ ಹೋದವರಲ್ಲ.

"ನನಗೆ ಬೇಡ ಡ್ಯಾಡಿ."

"ಹೇಗೆ ಸೋತದ್ದು ಅಂತ ನೋಡದೆ ಗೆಲ್ಲುದು ಹೇಗೆ? ನಮ್ಮ ಆಫೀಸಿನ ಇಂಗ್ಲಿಷಿನವ ಹೇಳ್ತಿದ್ದ, ಅವರ ಕಾಲೇಜಿನವರು ಪ್ರತೀ ಮ್ಯಾಚ್ ಫಿಲ್ಮ್ ಹಾಕಿ ನೋಡ್ತಾರಂತೆ."

"ಐ ನೋ ಹೇಗೆ ಸೋತದ್ದು ಅಂತ. ನನ್ನ ಸ್ಮ್ಯಾಶ್ ಎಲ್ಲ ನೆಟ್ಟಿಗೆ ಹೋಯ್ತು. ಅದನ್ನು ಪುನಃ ನೋಡಿ ಅಳ್ಬೇಕಾ?"

ನನ್ನ ಮನಸ್ಸು ಮಗಳ ಕಡೆಗಿತ್ತು. ನಾನು ಓದಿದ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಅಂಗೈಯಗಲದ ಒಂದು ಕನ್ನಡಿ, ಅಷ್ಟೂ ಹುಡುಗಿಯರಿಗೆ. ತನ್ನನ್ನು ತಾನು ಹೆಚ್ಚು ನೋಡಿಕೊಳ್ಳುವುದು ಒಳ್ಳೆಯದಲ್ಲವೆಂದು ಸಿಸ್ಟರ್‌ಗಳು ಹೇಳುತ್ತಿದ್ದರು. ಅದಕ್ಕಿಂತಲೂ, ನನಗೆ ನನ್ನದೇ ಅನುಭವವಿತ್ತು. ಕುವೈತಿಗೆ ಬಂದ ಹೊಸತರಲ್ಲಿ ಕಾಗದದ ಬದಲು ಟೇಪಿನಲ್ಲಿ ಮಾತಾಡಿ ಅಮ್ಮನಿಗೆ ಕಳಿಸುತ್ತಿದ್ದೆ. ಒಮ್ಮೆ ಕಳಿಸುವ ಮೊದಲು ಹಾಕಿ ಕೇಳಿದೆ. ಎರಡು ಮಾತಿಗೊಮ್ಮೆ "ಆಮೇಲೆ... ಆಮೇಲೆ..." ಎನ್ನುವ ಆ ಕೀರಲು ಧ್ವನಿ ನನ್ನದೇ! ಮುಂದಿನ ಸಲ ಟೇಪಿನ ಎದುರು ಕೂತರೆ ಮಾತೇ ಹೊರಡಲಿಲ್ಲ. ಪ್ರತಿ "ಆಮೇಲೆ"ಯೂ ನಾಲಿಗೆಗೆ ಬರುವ ಮೊದಲೇ ಕಿವಿಗೆ ಕೇಳಿಸುತ್ತಿತ್ತು. ಇವಳಿಗೂ ಹಾಗಾದರೆ?

ಅಷ್ಟರಲ್ಲಿ ಇವರು ಕ್ಯಾಸೆಟ್ ಹಾಕಿಯೇ ಬಿಟ್ಟರು.

ಮಗಳು ಸರ್ವಿಸ್ ಮಾಡಲು ಕೈ ಎತ್ತುವುದು ಕಾಣಿಸಿತು. ಅಷ್ಟೇ. ಕ್ಯಾಮೆರಾ ನಿಧಾನವಾಗಿ ತಿರುಗಿ, ಅಂಗಣದಾಚೆ ಕೂತ ಪ್ರೇಕ್ಷಕರ ಮೇಲೆ ನಿಂತಿತು. ಟಕ್, ಟಕ್ ಎಂದು ಶಟಲ್ ಸದ್ದು ಮಾತ್ರ. ತೆರೆಯ ಮೇಲೆ ಸಂಘದ ಅಧ್ಯಕ್ಷರು, ಅವರ ಹೆಂಡತಿ, ಹೆಂಡತಿಯ ತಂಗಿ, ಸಮೋಸದ ತಟ್ಟೆ.

"ಡ್ಯಾಡಿ, ನಾನೆಲ್ಲಿ?"

"ಬರ್ತಿ, ಬರ್ತಿ, ಸ್ವಲ್ಪ ನಿಲ್ಲು. ಯಾರೆಲ್ಲ ಬಂದಿದ್ರು ಅಂತ ಊರಿನಲ್ಲಿ ಅಜ್ಜಿ ಕೇಳುದಿಲ್ವಾ?"

ಅವರ ತಪ್ಪಲ್ಲ. ಮದುವೆಯಿರಲಿ, ಬರ್ತ್‌ಡೇ ಇರಲಿ, ಇಲ್ಲಿನ ಕ್ಯಾಸೆಟ್ ಕೊನೆಗೆ ಹೋಗುವುದು ಊರಿಗೆ. ಅಲ್ಲಿ ನೆರೆದವರು ಹುಡುಕುವುದು ಮುಖಗಳನ್ನು. ಒಂದು ಮುಖ ಬಿಟ್ಟುಹೋದರೆ "ನಮ್ಮವರನ್ನು ತೆಗೀಲೇ ಇಲ್ಲ" ಎಂಬ ಮಾತು ಹಿಂದಿರುಗಿ ಬರುತ್ತದೆ. ಇವರು ಮಗಳ ಪಂದ್ಯವನ್ನೂ ಮದುವೆಯಂತೆಯೇ ತೆಗೆದಿದ್ದರು.

"ಇದನ್ನು ನೋಡಿ ನಾನು ಕಲಿಯುದಾ?" ಎಂದು ಮಗಳು ನಗತೊಡಗಿದಳು. ವಾರದಲ್ಲಿ ಮೊದಲ ನಗು. ನಾವೂ ನಕ್ಕೆವು.

ಎರಡನೇ ಗೇಮಿಗೆ ಆಟಗಾರರು ಬದಿ ಬದಲಿಸಿದ್ದರು. ಕ್ಯಾಮೆರಾ ಈಗ ನಮ್ಮ ಪಕ್ಕದ ಮನೆಯವಳ ಮೇಲೆ. ಪುತ್ತೂರಿನ ಕಡೆಯ ಬ್ಯಾರಿ ಹೆಂಗಸು, ನಮ್ಮ ಫ್ಲೋರಿನಲ್ಲೇ ಇದ್ದವಳು. ಮುಂದಿನ ಸಾಲಿನ ಕಟ್ಟಕಡೆಯ ಕುರ್ಚಿಯಲ್ಲಿ, ಮಗಳು ಆಡುತ್ತಿದ್ದ ಬದಿಯ ಹಿಂಭಾಗದ ಮೂಲೆಯಲ್ಲಿ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಟಕ್, ಟಕ್, ಆಮೇಲೆ ಅವಳು ಕಾಲು ಹಿಂದಕ್ಕೆಳೆದುಕೊಂಡಳು. "ಅಯ್ಯೋ, ಪುನಃ ನನ್ನ ಕಾಲಿಗೇ ಬಂತಲ್ಲ!" ಎಂದದ್ದು ಟಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ನಾವೆಲ್ಲರೂ ಬಿದ್ದುಬಿದ್ದು ನಕ್ಕೆವು. ಸ್ವಲ್ಪದರಲ್ಲೇ ಮತ್ತೆ ಕಾಲೆಳೆದಳು. ಮತ್ತೊಮ್ಮೆ. ಕೊನೆಗೆ ಕುರ್ಚಿಯನ್ನೇ ಸರಿಸಿಕೊಂಡಳು.

ನನಗೆ ನಗು ನಿಂತಿತು. ಸೋತ ಪಾಯಿಂಟುಗಳೆಲ್ಲ ಅವಳ ಕಾಲ ಬುಡಕ್ಕೆ ಬಂದು ಬೀಳುತ್ತಿದ್ದವು. ಅದು ಮಗಳ ಎಡಗಡೆಯ ಹಿಂದಿನ ಮೂಲೆ. ಸ್ಮ್ಯಾಶ್ ನೆಟ್ಟಿಗೆ ಹೋದದ್ದು ಒಂದೋ ಎರಡೋ ಸಲ ಇರಬಹುದು. ಆ ಚಿಕ್ಕ ಹುಡುಗಿ ಇವಳನ್ನು ಸೋಲಿಸಿದ್ದು ಆ ಮೂಲೆಯಲ್ಲಿ.

ಇವರು ಖುಬೂಸ್ ಮುರಿಯುತ್ತಿದ್ದರು, ಮಗಳು ನಕ್ಕು ನಕ್ಕು ಕಣ್ಣೊರೆಸಿಕೊಂಡು ಎದ್ದುಹೋದಳು. ಇಬ್ಬರಿಗೂ ಅದು ಕಾಣಲಿಲ್ಲ.

ಮಧ್ಯಾಹ್ನವಿಡೀ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ತೊಳೆದ ಲೋಟವನ್ನೇ ಪುನಃ ತೊಳೆದೆ. ಬಾಲ್ಕನಿಯ ಬಟ್ಟೆ ಬೆಂಕಿಯಂಥ ಬಿಸಿಲಲ್ಲಿ ಆಗಲೇ ಹಪ್ಪಳದಂತಾಗಿತ್ತು, ಆದರೂ ಎರಡು ಸಲ ಮುಟ್ಟಿ ನೋಡಿದೆ. ಹೇಳಿದರೆ ಅವಳ ತಲೆಯಲ್ಲಿ ಆ ಮೂಲೆಯೊಂದೇ ಕೂತುಬಿಡುತ್ತದೆ, ನನ್ನ "ಆಮೇಲೆ"ಯ ಹಾಗೆ. ಹೇಳದಿದ್ದರೆ ಅದೇ ಮೂಲೆಯಲ್ಲಿ ಸೋತು, ಸ್ಮ್ಯಾಶಿನ ಮೇಲೆ ತಪ್ಪು ಹೊರಿಸಿ, ಆಟ ಬಿಡುತ್ತಾಳೆ. ಇವರಿಗೆ ಹೇಳುವ ಹಾಗಿಲ್ಲ, ಕಾರಿನುದ್ದಕ್ಕೂ ಭಾಷಣವಾಗುತ್ತದೆ.

ಹೊರಡುವ ಮೊದಲು ಜಡೆ ಹಾಕುವಾಗ ಹೇಳಿಬಿಟ್ಟೆ. "ಎಡಗಡೆ ಹಿಂದೆ ನೋಡಿಕೋ ಮಗಾ. ಅವಳು ನಿನಗೆ ಅಲ್ಲಿಗೇ ಹಾಕುದು."

ಕನ್ನಡಿಯಲ್ಲಿ ಅವಳ ಮುಖ ಬಿಗಿಯಿತು. "ಯಾರು ಹೇಳಿದ್ದು?"

"ಕ್ಯಾಸೆಟ್ಟಿನಲ್ಲಿ ಉಂಟು. ಆಚೆ ಮನೆಯವಳ ಕಾಲು ನೋಡಲಿಲ್ವಾ ನೀನು?"

ಒಂದು ಕ್ಷಣ ಯೋಚಿಸಿದಳು. ಆಮೇಲೆ ಜಡೆಯನ್ನು ನನ್ನ ಕೈಯಿಂದ ಎಳೆದುಕೊಂಡಳು. "ಈಗ ಹೇಳ್ತೀರಾ ಮಮ್ಮಿ? ಈಗ? ಇನ್ನು ಹೇಗೆ ಆಡುದು ನಾನು?"

ಪಂದ್ಯ ನಡೆದ ಶಾಲೆಯ ಹಾಲ್‌ನಲ್ಲಿ ನಾನು ಹೆದರಿದ ಹಾಗೆಯೇ ಆಯಿತು. ಮೊದಲ ಗೇಮಿನಲ್ಲಿ ಎಡಭುಜದ ಮೇಲಿಂದ ಹಿಂದೆ ನೋಡಿ ನೋಡಿ ಆಡಿದಳು. ಆ ಹುಡುಗಿ ಬಲಗಡೆ ನೆಟ್ಟಿನ ಬುಡದಲ್ಲಿ ಶಟಲನ್ನು ಮೆಲ್ಲಗೆ ಉದುರಿಸಿದಳು. ಹನ್ನೊಂದಕ್ಕೆ ಎರಡರಲ್ಲಿ ಆ ಗೇಮ್ ಹೋಯಿತು. ನಾನು ಸೆರಗಿನ ತುದಿಯನ್ನು ಹಿಂಡುತ್ತಾ ಕೂತೆ. ಎರಡನೆಯದರಲ್ಲಿ ಮಗಳು ಒಂದೇ ಹೆಜ್ಜೆ ಹಿಂದೆ ಸರಿದು ನಿಂತದ್ದು ಕಂಡಿತು. ಮೂಲೆಗೆ ಬಂದದ್ದನ್ನು ಬೆನ್ನು ತಿರುಗಿಸಿ ಹೊಡೆದು ದಾಟಿಸಿದಳು, ಪುನಃ ದಾಟಿಸಿದಳು. ಆ ಗೇಮ್ ನಮ್ಮದಾಯಿತು. ಮೂರನೆಯದರಲ್ಲಿ ಹತ್ತು–ಹತ್ತಕ್ಕೆ ಬಂದು, ಎಲ್ಲರೂ ಎದ್ದು ನಿಂತು ನೋಡುತ್ತಿದ್ದಾಗ, ಸೋತಳು.

ಮನೆಗೆ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡಳು. ಹೇಳಬಾರದಿತ್ತೋ, ಬೆಳಿಗ್ಗೆಯೇ ಹೇಳಬೇಕಿತ್ತೋ ತಿಳಿಯದೆ ನಾನು ಅಡುಗೆಮನೆಗೆ ಹೋಗಿ ಎಕ್ಸಾಸ್ಟ್ ಫ್ಯಾನ್ ಹಾಕಿ ಮೀನು ಹುರಿಯತೊಡಗಿದೆ. ಆ ಫ್ಯಾನಿನ ಬೊಬ್ಬೆಯಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಕರೆಗಂಟೆ ಎಷ್ಟು ಸಲ ಬಾರಿಸಿತೋ.

ಬಾಗಿಲು ತೆಗೆದರೆ ಪಕ್ಕದ ಮನೆಯವಳು, ಹೆಗಲ ಮೇಲೆ ಮಗು. ಮಗುವಿಗೆ ಜ್ವರವೆಂದು ಅವಳು ಆ ದಿನ ಆಟಕ್ಕೆ ಬಂದಿರಲಿಲ್ಲ. ಮಗಳ ಕೋಣೆಗೂ ಅವಳ ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ.

"ಗೆದ್ದದ್ದಾ ಸೋತದ್ದಾ ಕೇಳುವ ಅಂತ ಬಂದೆ ಅಕ್ಕ" ಎಂದಳು. "ಆಗದಿಂದ ನಮ್ಮ ಗೋಡೆಗೆ ಟಕ್ ಟಕ್ ಅಂತ ಹೊಡೀತಾನೇ ಇದ್ದಾಳಲ್ಲ ನಿಮ್ಮ ಮಗಳು, ಗೆದ್ದದ್ದೇ ಇರ್ಬೇಕು."