ಕೈಮುಗಿದರೆ ನಡೆದಂತಲ್ಲ

ಎರಡು ದಿನದಿಂದ ನನಗೆ ನನ್ನ ಬಲಗೈ ಕಂಡರೇ ಸಿಟ್ಟು. ಕೈ ಏನೂ ಮಾಡಿಲ್ಲ, ಪಾಪ. ಮಾಡಿದ್ದೆಲ್ಲ ಅದಕ್ಕೆ ಕಟ್ಟಿರುವ ಕಪ್ಪು ಗಡಿಯಾರ. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೈಗಡಿಯಾರ ಜೋಡಿಸುತ್ತಲೇ ತಲೆ ನರೆಸಿಕೊಂಡವಳು ನಾನು. ಆಗ ತಪ್ಪು ತೋರಿಸುವ ಗಡಿಯಾರವನ್ನು ನಾವು ವಾಪಸು ಕಳಿಸುತ್ತಿದ್ದೆವು. ಈಗ ಗಡಿಯಾರವೇ ನನ್ನ ತಪ್ಪು ಹುಡುಕಿ ಮಗಳಿಗೆ ಚಾಡಿ ಹೇಳುತ್ತದೆ.

ಮಗಳು ಸುಮಾ ಕೆಟ್ಟವಳಲ್ಲ. ನನಗೆ ಸಕ್ಕರೆ ಕಾಯಿಲೆ, ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದ್ದಕ್ಕೆ, ಹೆಜ್ಜೆ ಎಣಿಸಿ ಅವಳ ಫೋನಿಗೆ ಲೆಕ್ಕ ಒಪ್ಪಿಸುವ ಇದನ್ನು ತಂದು ಕಟ್ಟಿದಳು. ನಾನೋ, ಬೆಳಿಗ್ಗೆ ಎದ್ದು ನಮ್ಮ ಬೀದಿಯ ಗಣೇಶನ ಗುಡಿಗೆ ಇಪ್ಪತ್ತೊಂದು ಪ್ರದಕ್ಷಿಣೆ ಹಾಕುವವಳು. ದೇವರಿಗೂ ಆಯಿತು, ಡಾಕ್ಟರಿಗೂ ಆಯಿತು. ಮೊನ್ನೆ ಇವಳು ಫೋನು ನೋಡುತ್ತಾ ಕೇಳಿದಳು:

“ಅಮ್ಮ, ಗುಡೀಲಿ ಏನ್ ಮಾಡ್ತೀಯ?”

“ಪ್ರದಕ್ಷಿಣೆ ಹಾಕ್ತೀನಿ ಕಣೆ.”

“ಸುಳ್ಳು ಹೇಳ್ಬೇಡ. ಪಕ್ಕದ್ಮನೆ ಜಯಮ್ಮನ ಜೊತೆ ಕಟ್ಟೆ ಮೇಲೆ ಕೂತು ಹರಟೆ ಹೊಡೀತೀಯ. ನಡೆದೇ ಇಲ್ಲ ಅಂತಿದೆ ಇದು. ನಾಳೆಯಿಂದ ಗುಡಿ ಬೇಡ, ಪಾರ್ಕಿಗೆ ಹೋಗು.”

ಸುಳ್ಳು! ಮೈಯೆಲ್ಲ ಉರಿದುಹೋಯಿತು. ಹೆತ್ತ ತಾಯಿಯ ಬಾಯಿಗಿಂತ ಅಂಗಡಿಯಿಂದ ತಂದ ಡಬ್ಬಿಯ ಮಾತು ಹೆಚ್ಚಾಯಿತೇ? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಿದ್ದರು ಹಿಂದಿನವರು. ಈಗ ಹುಣ್ಣನ್ನು ಬಿಟ್ಟು ಕನ್ನಡಿಯನ್ನೇ ನಂಬುವ ಕಾಲ. ನಾನು ಚಿಕ್ಕವಳಿದ್ದಾಗ ನಾಡಿ ನೋಡುವ ಪಂಡಿತರೊಬ್ಬರು ಬರುತ್ತಿದ್ದರು. ಅವರೂ ಕೈಯನ್ನೇ ಹಿಡಿಯುತ್ತಿದ್ದರು. ಆದರೆ ಹಿಡಿದುಕೊಂಡು ಮುಖ ನೋಡುತ್ತಿದ್ದರು, “ಹೇಗಿದ್ದೀಯಮ್ಮ?” ಎಂದು ಕೇಳಿ, ಉತ್ತರಕ್ಕೆ ಕಾಯುತ್ತಿದ್ದರು. ಇದಕ್ಕೆ ಆ ವ್ಯವಧಾನವೆಲ್ಲಿ.

ಆ ಸಂಜೆ ಒಲೆಯ ಮುಂದೆ ನಿಂತ ಜಾಗ ಬಿಟ್ಟು ಕದಲದೆ ಮುದ್ದೆ ತಿರುವುತ್ತಿದ್ದೆ. ಸಿಟ್ಟಿದ್ದುದರಿಂದ ಜೋರಾಗಿಯೇ ತಿರುವಿದೆ ಅನ್ನಿ. ಗಡಿಯಾರ ಗುರ್ ಎಂದು ನಡುಗಿ, ಗಾಜಿನ ತುಂಬ ಪಟಾಕಿ ಹಾರಿಸಿತು. ಭರ್ಜರಿ ನಡಿಗೆಯಂತೆ, ಭೇಷಂತೆ! ಆಗ ಹೊಳೆಯಿತು ನನಗೆ. ಈ ಮುಂಡೇದಕ್ಕೆ ಕಾಲಿನ ಸುದ್ದಿಯೇ ಗೊತ್ತಿಲ್ಲ, ಕೈ ಬೀಸಿದರೆ ಮಾತ್ರ ನಡಿಗೆ. ಗುಡಿಯಲ್ಲಿ ನಾನು ಎದೆಯ ಮುಂದೆ ಕೈಮುಗಿದು ನಿಧಾನ ಹೆಜ್ಜೆ ಹಾಕುವವಳು. ದೇವರ ಸುತ್ತ ಏರ್‌ಫೋರ್ಸಿನವರ ಪೆರೇಡಿನ ಹಾಗೆ ಕೈ ಬೀಸಿಕೊಂಡು ಹೋಗಲೇ?

ಹೇಳಿದರೆ ಸುಮಾ ನಕ್ಕಳು. “ಅಷ್ಟೂ ಯೋಚ್ನೆ ಮಾಡ್ದೆ ಗಡಿಯಾರ ಮಾಡಿರ್ತಾರಾಮ್ಮ?”

“ನಿನ್ನ ಕೈಲೂ ಒಂದು ಇದೆಯಲ್ಲ. ನಾಳೆ ಭಾನುವಾರ, ನೀನೂ ಬಾ. ನನ್ನ ಮಾತು ಸುಳ್ಳಾದ್ರೆ ಗುಡಿ ಬಿಟ್ಬಿಡ್ತೀನಿ,” ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ, ಯಾಕಾದರೂ ಅಂದೆನೋ ಅನ್ನಿಸಿತು. ಬೆಳಗಿನ ಆ ಒಂದು ಗಳಿಗೆ ಬಿಟ್ಟರೆ ನನಗೆಂದು ಇನ್ನೇನಿದೆ?

ಬಂದಳು. ಹೊರಡುವವರೆಗೂ ಸೋಫಾದಲ್ಲಿ ಫೋನು ಹಿಡಿದು ಕೂತಿದ್ದವಳು ನನ್ನ ಹಿಂದೆಯೇ ಕೈಮುಗಿದು ಸುತ್ತತೊಡಗಿದಳು. ನಾಲ್ಕಾರು ಸುತ್ತು ಆಗಿರಬೇಕು, ಅವಳ ಗಡಿಯಾರ ಗುರ್ ಎಂದಿತು. ಮುಗಿದ ಕೈಯನ್ನು ಓರೆ ಮಾಡಿ ನೋಡಿದಳು.

“ಏನಂತೆ?” ಎಂದೆ.

“ತುಂಬಾ ಹೊತ್ತಿಂದ ಕೂತೇ ಇದೀಯ, ಎದ್ದು ನಡಿ ಅಂತಿದೆ.”

ನನಗೆ ನಗು ಉಕ್ಕಿ ಬಂತು, ಆದರೂ ನಗಲಿಲ್ಲ. ತಾಯಿಯನ್ನು ಸುಳ್ಳಿ ಎಂದವಳಿಗೆ ಅಷ್ಟು ಬೇಗ ನಗು ಕೊಡಬಾರದು. ಅವಳು ಇನ್ನಷ್ಟು ಸುತ್ತು ಬಂದಳು. ಆಮೇಲೆ ಮೆಲ್ಲಗೆ, ಫೋನು ತೆಗೆಯದೆ, ನನ್ನನ್ನೇ ಕೇಳಿದಳು: “ಎಷ್ಟನೇ ಸುತ್ತಮ್ಮ ಇದು?”

“ಒಂಬತ್ತು,” ಎಂದೆ.

ತಕ್ಷಣ ನಂಬಿದಳು. ಎಂಟೋ ಒಂಬತ್ತೋ, ದೇವರಾಣೆ ನನಗೂ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ಲೆಕ್ಕ ತಪ್ಪಿಹೋಗಿತ್ತು. ಕೊನೆಯಲ್ಲಿ ಇರಲಿ ಎಂದು ಒಂದು ಸುತ್ತು ಹೆಚ್ಚಿಗೆ ಹಾಕಿಸಿದೆ. ಯಾಕೆಂದು ಅವಳು ಕೇಳಲಿಲ್ಲ.