ಹಡಗಿನ ಮೂತಿಯಲ್ಲೊಂದು ಕೋಣೆ

ನಮ್ಮ ಮನೆಯವರು ಬಾಡಿಗೆ ವ್ಯಾನು ಮಾಡಿಕೊಂಡು ಎಲ್ಲಿಗೆ ಹೊರಟರೂ ಯಾರು ಎಲ್ಲಿ ಕೂರಬೇಕೆಂದು ಕೇಳುವ ಪದ್ಧತಿ ಇಲ್ಲ. ಡ್ರೈವರ್ ಪಕ್ಕದ ಸೀಟು ಭಾವನದು. ಅವರಿಗೆ ದಾರಿ ಗೊತ್ತು ಎಂಬುದು ಕಾರಣ. ದಾರಿ ಗೊತ್ತಿಲ್ಲದ ಊರಿಗೆ ಹೋಗುವಾಗಲೂ ಅದೇ ಕಾರಣ. ಅವರ ಹಿಂದೆ ಅಕ್ಕ, ಅಕ್ಕನ ಪಕ್ಕ ವಯಸ್ಸಾದವರು, ಆಮೇಲೆ ಮಕ್ಕಳು. ಕೊನೆಯ ಸಾಲಿನಲ್ಲಿ ಪುಳಿಯೋಗರೆ ಡಬ್ಬಿ, ನೀರಿನ ಕ್ಯಾನು, ಸುತ್ತಿಟ್ಟ ಜಮಖಾನ, ನಾನು.

ನನಗೆ ವಾಂತಿಯಾಗುತ್ತದೆ. ವಾಂತಿ ಮಾಡುವವರು ಹಿಂದೆ ಕಿಟಕಿ ಪಕ್ಕ ಕೂತರೆ ಮಿಕ್ಕವರಿಗೆ ತೊಂದರೆಯಿಲ್ಲ ಎಂದು ಯಾವ ಕಾಲದಲ್ಲೋ ತೀರ್ಮಾನವಾಗಿತ್ತು. ಚಕ್ರದ ನೆತ್ತಿಯ ಮೇಲಿನ ಆ ಸೀಟಿನಲ್ಲಿ ಕುಲುಕಿಸಿಕೊಂಡು, ನಂಜನಗೂಡು ದಾಟುವಷ್ಟರಲ್ಲಿ ನಾನು ಪ್ಲಾಸ್ಟಿಕ್ ಕವರು ಬಿಡಿಸುತ್ತಿದ್ದೆ. ಆಗ ಮುಂದಿನ ಸೀಟಿನಿಂದ, ತಲೆ ಕೂಡ ತಿರುಗಿಸದೆ, ಹಿಂದೆ ಕೂರಿಸಿದ್ದೇ ಒಳ್ಳೆಯದಾಯಿತು ಎಂಬ ಮಾತು ಬರುತ್ತಿತ್ತು. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಎಲ್ಲರಿಗೂ ಉಪಕಾರ ಮಾಡುವ ಥರ ವಾಂತಿ ಮಾಡುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನವರ ಜೊತೆ ಕಾರಿನಲ್ಲಿ ಊಟಿಗೆ ಹೋಗಬೇಕಾಯಿತು. ನಾನು ಕಾಲೇಜಿನ ಲೈಬ್ರರಿ ನೋಡಿಕೊಳ್ಳುತ್ತೇನೆ. ಎಲ್ಲರಿಗಿಂತ ಹಿರಿಯಳೆಂದು ನನ್ನನ್ನು ಮುಂದೆ ಕೂರಿಸಿದರು. ಬೇಡವೆಂದರೂ ಬಿಡಲಿಲ್ಲ. ಘಾಟಿಯ ತಿರುವುಗಳೆಲ್ಲ ಒಂದೊಂದಾಗಿ ಎದುರಿಗೆ ಬಂದವು, ಹೋದವು. ಕವರು ಕೈಯಲ್ಲಿ ಹಾಗೇ ಉಳಿಯಿತು. ಬರುವ ತಿರುವು ಕಣ್ಣಿಗೆ ಕಂಡರೆ ಹೊಟ್ಟೆ ತನ್ನಷ್ಟಕ್ಕೆ ಸಿದ್ಧವಾಗುತ್ತದೆ ಎಂದು ನನಗೆ ತಿಳಿದದ್ದು ತಲೆ ಅರ್ಧ ಬೆಳ್ಳಗಾದ ಮೇಲೆ. ಹಿಂದಿರುಗಿ ಬಂದು ಈ ಸಂಶೋಧನೆಯನ್ನು ಮನೆಯವರಿಗೆ ಹೇಳಿದೆ. ಭಾವ ಪೂರ್ತಿ ಕೇಳಿಸಿಕೊಂಡು, ಆವತ್ತಿನ ವಾಂತಿ ಮಾತ್ರೆ ಒಳ್ಳೆ ಕಂಪನಿಯದಿರಬೇಕು ಅಂದರು. ಮುಂದಿನ ಪ್ರವಾಸದಲ್ಲಿ ಜಮಖಾನದ ಪಕ್ಕ ನನ್ನ ಜಾಗ ಕಾದಿತ್ತು.

ನಾನು ಮದುವೆಯಾಗಲಿಲ್ಲ. ಅದರ ಹಿಂದೆ ಕಥೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ. ಅದರ ಪರಿಣಾಮ ಮಾತ್ರ ಹೋಟೆಲುಗಳಲ್ಲಿ ಕಾಣುತ್ತದೆ. ಅಕ್ಕ ಭಾವನ ಜೊತೆ ಹೋದಾಗ ಭಾವ ಕೌಂಟರಿನಲ್ಲಿ 'ಒಂದು ಡಬಲ್ ರೂಮು, ಒಂದು ಎಕ್ಸ್‌ಟ್ರಾ ಬೆಡ್' ಎನ್ನುತ್ತಾರೆ. ಆ ಎಕ್ಸ್‌ಟ್ರಾ ಬೆಡ್ ನಾನು. ಅದನ್ನು ಯಾವಾಗಲೂ ಬಚ್ಚಲುಮನೆಯ ಬಾಗಿಲ ಬಳಿಯೇ ಹಾಸುತ್ತಾರೆ. ಹೋಗುವವರು ಬರುವವರು ನನ್ನನ್ನು ದಾಟಿಕೊಂಡು ಹೋಗುತ್ತಾರೆ. 'ನಿದ್ದೆ ಮಾಡು, ನಿದ್ದೆ ಮಾಡು' ಎಂದು ಹೇಳಿಯೇ ದಾಟುತ್ತಾರೆ, ಅದೊಂದು ಮರ್ಯಾದೆ.

ಹೋದ ವರ್ಷ ಅಕ್ಕನಿಗೆ ಹಡಗು ಹತ್ತುವ ಆಸೆ ಬಂತು. ಜಯಲಕ್ಷ್ಮಿಪುರಂನ ಅವರ ಮನೆಯಲ್ಲಿ ಕಾಫಿ ಕುಡಿಯುತ್ತಾ ಭಾವ ಏರ್ಪಾಡು ವಿವರಿಸಿದರು. ಮುಂಬೈನಲ್ಲಿ ಹತ್ತುವುದು, ಲಕ್ಷದ್ವೀಪ ನೋಡಿಕೊಂಡು ಬರುವುದು. ಮೂವರಿಗೂ ಸೇರಿ ಒಂದೇ ಕೋಣೆ, ಕೆಳಗಿನ ಅಂತಸ್ತಿನಲ್ಲಿ, ಸರಿಯಾಗಿ ಹಡಗಿನ ನಡುಮಧ್ಯ. ಕಿಟಕಿ ಇಲ್ಲ. ಕಿಟಕಿ ಇದ್ದರೆ ನಾನು ನೀರು ನೋಡಿ ಹೆದರುತ್ತೇನೆಂದು ಬೇಕಂತಲೇ ಅಂಥದ್ದು ಹುಡುಕಿದ್ದರು. ಮೂರನೆಯ ಹಾಸಿಗೆ ಗೋಡೆಯೊಳಗೆ ಮಡಚಿಕೊಂಡಿರುತ್ತದಂತೆ, ಮಲಗುವ ಹೊತ್ತಿಗೆ ಇಳಿಸಿಕೊಡುತ್ತಾರಂತೆ. ಜೀವನವಿಡೀ ಪುಸ್ತಕಗಳನ್ನು ಕಪಾಟಿಗೆ ಸೇರಿಸಿದವಳನ್ನು ಕೊನೆಗೆ ಕಪಾಟಿಗೇ ಸೇರಿಸುವ ಏರ್ಪಾಡು.

ಕಾಫಿ ಚೆನ್ನಾಗಿದೆ ಅಂದೆ.

ಬುಕ್ ಮಾಡಲು ಮೂವರೂ ನಮ್ಮ ರಾಮಕೃಷ್ಣನಗರದ ಟ್ರಾವೆಲ್ಸ್ ಆಫೀಸಿಗೆ ಹೋದೆವು. ಅಲ್ಲಿದ್ದ ಹೆಂಗಸು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ಹಡಗಿನ ನಕ್ಷೆ ತೋರಿಸಿದರು. ಉದ್ದಕ್ಕೆ ಸೀಳಿದ ಬೆಂಡೆಕಾಯಿಯಂತೆ ಇತ್ತು, ಒಳಗೆ ಬೀಜ ಜೋಡಿಸಿದ ಹಾಗೆ ಕೋಣೆಗಳು. ಭಾವ ಮಧ್ಯದ ಬೀಜಕ್ಕೆ ಬೆರಳಿಟ್ಟರು. ನನ್ನ ಕಣ್ಣು ಮಾತ್ರ ತುದಿಗೆ ಹೋಯಿತು. ಅಲ್ಲಿ ಕೆಲವೇ ಕೋಣೆಗಳು ಮಿಕ್ಕವಕ್ಕೆ ಬೆನ್ನು ಹಾಕಿ ನಿಂತಿದ್ದವು. ಅವು ಯಾವ ಕಡೆ ನೋಡುತ್ತವೆ ಎಂದು ಕೇಳಿದೆ.

"ಮುಂದಕ್ಕೆ ಮೇಡಂ. ಹಡಗು ಹೋಗೋ ಕಡೆಗೇ."

ನನಗೆ ಅದು ಬೇಕು ಎಂದು ಯಾರೋ ಹೇಳಿದರು. ಹೇಳಿದವಳು ನಾನೇ ಎಂದು ಭಾವನ ಮುಖ ನೋಡಿದ ಮೇಲೆ ಖಾತ್ರಿಯಾಯಿತು.

ಆ ಹೆಂಗಸು ಪ್ರಾಮಾಣಿಕರು. ಮುಂದಿನ ಕೋಣೆಗಳನ್ನು ಹೆಚ್ಚು ಜನ ಕೇಳುವುದಿಲ್ಲ ಅಂದರು. ಬಾಲ್ಕನಿ ಇಲ್ಲ, ಕಿಟಕಿ ಇದೆ ಆದರೆ ತೆರೆಯುವಂತಿಲ್ಲ, ಗಾಳಿ ಊಳಿಡುತ್ತದೆ, ಲಂಗರು ಇಳಿಸುವಾಗ ಸರಪಳಿಯ ಸದ್ದಿಗೆ ಎದೆ ಹಾರುತ್ತದೆ. ಅಲೆ ಬಂದರೆ ಮೊದಲು ಏಳುವುದು ಬೀಳುವುದು ಆ ತುದಿಯೇ. ಒಬ್ಬರೇ ಇದ್ದರೂ ಇಬ್ಬರ ದುಡ್ಡು ಕಟ್ಟಬೇಕು. ಪ್ರತಿ ಮಾತಿಗೂ ಭಾವ ನನ್ನ ಕಡೆ ತಿರುಗಿ, ಕೇಳಿಸಿತಲ್ಲ ಎಂಬಂತೆ ಹುಬ್ಬು ಏರಿಸುತ್ತಿದ್ದರು.

"ಇದು ಕಾರಲ್ಲಿ ಮುಂದೆ ಕೂತಂಗಲ್ಲ ಕಣಮ್ಮ," ಅಂದರು. "ಪಾರ್ಕಲ್ಲಿ ಮಕ್ಕಳ ಸೀಸಾ ನೋಡಿಲ್ವಾ? ಮಧ್ಯ ಕೂತೋನಿಗೆ ಏನೂ ಆಗಲ್ಲ. ತುದೀಲಿ ಕೂತೋನಿಗೇ ಎಲ್ಲಾ ಆಗೋದು."

ಅವರು ಹೇಳಿದ್ದು ಸರಿ. ಅದು ನನಗೆ ಅಲ್ಲಿಯೇ ಅರ್ಥವಾಯಿತು. ವ್ಯಾನಿನ ವಿಷಯದಲ್ಲಿ ಅವರು ವರ್ಷಾನುಗಟ್ಟಲೆ ತಪ್ಪು ಹೇಳಿದ್ದರು, ನಾನು ತಲೆಯಾಡಿಸಿಕೊಂಡು ಹಿಂದೆ ಕೂತಿದ್ದೆ. ಈಗ ಮೊದಲ ಸಲ ಅವರ ಮಾತು ಸರಿಯಾಗಿತ್ತು, ಮೊದಲ ಸಲ ನನಗೆ ಅದನ್ನು ಕೇಳುವ ಮನಸ್ಸಾಗಲಿಲ್ಲ.

"ವಾಂತಿ ಬಂದ್ರೆ ಮಾಡ್ತೀನಿ ಭಾವ," ಅಂದೆ. "ನಂಗೇನು ಅದು ಹೊಸದಲ್ಲ. ಈ ಸಲ ಮುಂದೆ ಕೂತ್ಕೊಂಡು ಮಾಡ್ತೀನಿ."

ಟ್ರಾವೆಲ್ಸಿನ ಹೆಂಗಸು ಕೀಬೋರ್ಡಿನ ಕಡೆ ನೋಡಿ ತುಟಿ ಬಿಗಿಹಿಡಿದರು. ಅಕ್ಕ ಬೇರೆ ದಾರಿ ಹಿಡಿದಳು. ಆ ಕೋಣೆಯಲ್ಲಿ ತಲೆ ಉತ್ತರಕ್ಕೆ ಬರುತ್ತದೋ ಏನೋ ಎಂದು ಕೇಳಿದಳು. ಹಡಗು ತಿರುಗುತ್ತಲೇ ಇರುತ್ತದೆ, ಒಂದಲ್ಲ ಒಂದು ಹೊತ್ತಿನಲ್ಲಿ ಎಲ್ಲರ ತಲೆಯೂ ಉತ್ತರಕ್ಕೆ ಬರುತ್ತದೆ ಎಂದು ಉತ್ತರ ಬಂತು. ಮಧ್ಯದ ಕೋಣೆಯವರದೂ ಬರುತ್ತದೆಯೇ ಎಂದು ಅಕ್ಕ ಗಾಬರಿಯಾದಳು. ಆಮೇಲೆ ನನ್ನ ಕೈಹಿಡಿದು, ಒಬ್ಬಳೇ ಹೇಗೆ ಮಲಗುತ್ತೀಯೆ ಎಂದಳು. ಅಮ್ಮ ಹೋದಾಗಿನಿಂದ ನಾನು ಆ ಆಫೀಸಿನಿಂದ ನಾಲ್ಕು ರಸ್ತೆ ಆಚೆಯ ಮನೆಯಲ್ಲಿ ಒಬ್ಬಳೇ ಮಲಗುತ್ತಿದ್ದೇನೆ. ಅದು ಯಾಕೋ ಯಾರಿಗೂ ಲೆಕ್ಕಕ್ಕಿಲ್ಲ.

ದುಡ್ಡು ಕಟ್ಟಿ ಬಂದೆ. ಬಂದ ಮೇಲೆ ನನ್ನ ನಿಜವಾದ ಸ್ವಭಾವ ಎಚ್ಚರವಾಯಿತು. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಆಟೋ ಹಿಂದಕ್ಕೆ ತಿರುಗಿಸುವ ಹೆಂಗಸು ನಾನು. ಟ್ರಾವೆಲ್ಸಿಗೆ ಫೋನು ಮಾಡಿ ಆ ಕಿಟಕಿಯ ಗಾಜು ಎಷ್ಟು ದಪ್ಪ ಎಂದು ಕೇಳಿದೆ. ಇನ್ನೊಂದು ದಿನ, ಹಡಗು ಯಾವುದಕ್ಕಾದರೂ ಗುದ್ದಿದರೆ ಮೊದಲು ತಿಳಿಯುವುದು ಆ ಕೋಣೆಯವರಿಗೇ ಅಲ್ಲವೇ ಎಂದು ಕೇಳಿದೆ. ಮತ್ತೊಂದು ದಿನ, ಸುಮ್ಮನೆ ತಿಳಿದುಕೊಳ್ಳಲಿಕ್ಕೆ, ಕೋಣೆ ಬದಲಾಯಿಸಲು ಕೊನೆಯ ದಿನ ಯಾವುದು ಎಂದೆ. ಬದಲಾಯಿಸಲಾ ಮೇಡಂ ಎಂದು ಅವರು ಆಸೆಯಿಂದ ಕೇಳಿದರು. ಬೇಡ ಅಂದೆ. ಆ ಕೊನೆಯ ದಿನ ಮುಗಿದಾಗ, ಪರೀಕ್ಷೆಯ ಕೋಣೆಯ ಬಾಗಿಲು ಹಾಕಿದಂಥ ನೆಮ್ಮದಿಯಾಯಿತು: ಇನ್ನು ಓದುವ ಹಾಗಿಲ್ಲ.

ಹಡಗಿನ ಕೋಣೆ ಚಿಕ್ಕದು. ಒಂದು ಮಂಚ, ಒಂದು ಕುರ್ಚಿ, ಕುರ್ಚಿಯ ಮುಂದೆ ಕಿಟಕಿ. ಕತ್ತಲಾದ ಮೇಲೆ ಪರದೆ ಎಳೆಯಬೇಕು, ಇಲ್ಲದಿದ್ದರೆ ಈ ಬೆಳಕಿನಿಂದ ಹಡಗು ನಡೆಸುವವರಿಗೆ ಮುಂದೆ ಕಾಣುವುದಿಲ್ಲ ಎಂದು ಒಂದು ಸೂಚನೆ ಅಂಟಿಸಿದ್ದರು. ಓದಿ ನನಗೆ ಹೆಮ್ಮೆಯಾಯಿತು. ಅವರೂ ನಾನೂ ಒಂದೇ ಕಡೆ ನೋಡುವವರು. ಮೊದಲ ದಿನ ಊಟ ತಿಂಡಿಗೆ ಬಿಟ್ಟರೆ ಕುರ್ಚಿ ಬಿಟ್ಟು ಏಳಲಿಲ್ಲ. ಕಂಡದ್ದು ಬರೀ ನೀರು. ಆದರೆ ಆ ನೀರು ನನ್ನ ಹತ್ತಿರ ಬರುತ್ತಿತ್ತು, ಬಿಟ್ಟು ಹೋಗುತ್ತಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಕಡಲು ಕೆಟ್ಟಿತು. ಸ್ವಲ್ಪ ತೂಗಾಟ ಇರಬಹುದು ಎಂದು ಮೈಕಿನಲ್ಲಿ ವಿನಯವಾಗಿ ಹೇಳಿದರು. ಕಿಟಕಿಯಲ್ಲಿ ನೀರು ಮೇಲೆದ್ದು ಮೇಲೆದ್ದು ಆಕಾಶವೇ ಮುಚ್ಚಿಹೋಯಿತು, ಮರುಗಳಿಗೆ ನೀರೆಲ್ಲ ಕೆಳಗೆ ಜಾರಿ ಬರೀ ಆಕಾಶ ಉಳಿಯಿತು. ಭಾವನ ಸೀಸಾ. ನಾನು ಬಚ್ಚಲಿಗೆ ಓಡಿದೆ. ಬಾಯಿ ತೊಳೆದು ಬಂದು ಕೂತೆ. ಮತ್ತೆ ಓಡಿದೆ.

ಫೋನು ಬಂತು. ಅಕ್ಕ ಕೆಳಗೆ ಬಾ ಅಂದಳು. ಅಲ್ಲಿ ಅಷ್ಟೇನೂ ಆಡುತ್ತಿಲ್ಲವಂತೆ, ಗೋಡೆಯ ಹಾಸಿಗೆ ಇಳಿಸಿಕೊಡುವಂತೆ ಭಾವ ಆಗಲೇ ಕೇಳಿಟ್ಟಿದ್ದಾರಂತೆ. ನಿಜ ಹೇಳಬೇಕೆಂದರೆ ನನ್ನ ಒಂದು ಕಾಲು ಚಪ್ಪಲಿಯೊಳಗಿತ್ತು. ಅಷ್ಟರಲ್ಲಿ ಅಕ್ಕನ ಹಿಂದಿನಿಂದ, ನಾನು ಆವತ್ತೇ ಹೇಳಿದ್ದೆ ಎಂಬ ಧ್ವನಿ ಕೇಳಿಸಿತು. ಕಾಲನ್ನು ಚಪ್ಪಲಿಯಿಂದ ಹೊರಗೆಳೆದೆ.

"ಭಾವ ಹೇಳಿದ್ದೆಲ್ಲಾ ಸರಿ ಅಂತ ಹೇಳಕ್ಕ. ಎರಡು ಸಲ ವಾಂತಿ ಆಯ್ತು, ಇನ್ನೂ ಆಗೋ ಹಂಗಿದೆ. ನಾನು ಇಲ್ಲೇ ಇರ್ತೀನಿ."

ಸ್ವಲ್ಪ ಹೊತ್ತಿಗೆ ಅಕ್ಕನೇ ಬಂದಳು. ಕಾರಿಡಾರಿನ ಕಂಬಿ ಹಿಡಿದು ಹಿಡಿದು ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದಳು, ಮುಷ್ಟಿಯಲ್ಲಿ ಒಂದು ನಿಂಬೆಹಣ್ಣು. ಕರೆದುಕೊಂಡು ಹೋಗಲಿಕ್ಕೇ ಬಂದಿದ್ದಳೆಂದು ಕಾಣುತ್ತದೆ. ಆದರೆ ಕಿಟಕಿ ನೋಡಿ ನಿಂತುಬಿಟ್ಟಳು. ಹಡಗಿನ ಬಿಳಿ ಮೂತಿ ಅಲೆಯೊಳಕ್ಕೆ ಇಳಿದು, ನೊರೆ ಕೊಡವಿಕೊಂಡು ಎದ್ದಿತು. ಇಷ್ಟು ದೂರ ಕಾಣುತ್ತದಾ ಎಂದಳು. ಅವರ ಕೋಣೆಯಲ್ಲಿ ಟೀವಿಯಲ್ಲಿ ಕಡಲು ತೋರಿಸುತ್ತಾರಂತೆ.

ಮತ್ತೆ ಫೋನು ಹೊಡೆದುಕೊಳ್ಳತೊಡಗಿತು. ನಾನು ಅಕ್ಕನ ಮುಖ ನೋಡಿದೆ. ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

"ಹೊಡ್ಕೊಳ್ಲಿ ಬುಡು," ಅಂದಳು.

ನಾನು ನಗಲು ಹೋದೆ, ಹೊಟ್ಟೆ ಬೇರೆಯದೇ ಅರ್ಥ ಮಾಡಿಕೊಂಡಿತು. ಬಚ್ಚಲಿನಿಂದ ಗೋಡೆ ಹಿಡಿದು ಹೊರಗೆ ಬಂದಾಗ ಅಕ್ಕ ನನ್ನ ಕುರ್ಚಿಯಲ್ಲಿ ಆರಾಮಾಗಿ ಕೂತು, ಗಲ್ಲಕ್ಕೆ ಕೈಕೊಟ್ಟು ಎದುರಿಗೆ ನೋಡುತ್ತಿದ್ದಳು. ಕುರ್ಚಿಯ ಬೆನ್ನಿಗೆ ಕೈಯಿಟ್ಟೆ.

"ಏಳಕ್ಕ. ಅದು ನನ್ನ ಜಾಗ."

ಅಕ್ಕ ನನ್ನನ್ನೇ ಒಂದು ಕ್ಷಣ ನೋಡಿ, ಎದ್ದು ಮಂಚಕ್ಕೆ ಸರಿದು ಕೂತಳು.