ಜ್ವರ ಕೇಳಲು ಬಂದವರು ಇನ್ನೊಂದನ್ನೂ ಕೇಳಿದರು

ಬನಶಂಕರಿ ಹೊಂಡದ ಮೆಟ್ಟಿಲ ಮೇಲೆ ಇನ್ನೂ ಬಿಸಿಲು ಇಳಿದಿಲ್ಲ. ಮಲೇರಿಯಾ ಖಾತೆಯ ಹೊಳಬಸಪ್ಪ ಮುಖ ತೊಳೆದುಕೊಂಡು, ಸೈಕಲ್ಲಿನ ಹ್ಯಾಂಡಲಿಗೆ ತೂಗಿದ ಖಾಕಿ ಚೀಲವನ್ನು ತಡವಿ ನೋಡುತ್ತಾರೆ. ರಕ್ತ ಸವರುವ ಗಾಜಿನ ಪಟ್ಟಿಗಳು, ಸೂಜಿ, ಸ್ಪಿರಿಟ್ ಬಾಟಲಿ, ಅರಳೆ, ಕಹಿ ಗುಳಿಗೆ. ಎಲ್ಲ ಇದೆ. ಆರು ಗಂಟೆಗೆ ಅವರು ಚೊಳಚಗುಡ್ಡದ ಮೊದಲ ಓಣಿಯಲ್ಲಿರಬೇಕು. ತಡವಾದರೆ ಜನ ವೀಳ್ಯದೆಲೆಯ ತೋಟಕ್ಕೆ ಹೊರಟುಬಿಡುತ್ತಾರೆ.

"ಮನ್ಯಾಗ ಯಾರಿಗರೆ ಜ್ವರ ಐತೇನ್ರಿ?"

"ಇಲ್ರಿ ಮಾಸ್ತರ," ಎಂದು ಒಳಗಿನಿಂದ ಹೆಣ್ಣುದನಿ.

ಬಾಗಿಲ ಪಕ್ಕದ ಗೋಡೆಯ ಮೇಲೆ ಕಾವಿಯಲ್ಲಿ ಇಂದಿನ ತಾರೀಕು ಬರೆಯುತ್ತಾರೆ. ಸರಕಾರಕ್ಕೆ ಬೇಕಾದದ್ದು ಅಲ್ಲಿಗೆ ಮುಗಿಯಿತು. ಆದರೆ ಹೊಳಬಸಪ್ಪ ಸೈಕಲ್ ಹತ್ತುವುದಿಲ್ಲ. ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುವ ಮುದುಕನ ಪಕ್ಕ ಕುಕ್ಕುರುಗಾಲಲ್ಲಿ ಕೂರುತ್ತಾರೆ. "ಯಜ್ಜಾ, ನಿದ್ದಿ ಹತ್ತೇತೇನು? ನಿನ್ನಿ ಏನ್ ಉಂಡಿ?"

ಹೊಳಬಸಪ್ಪನವರಿಗೆ ಈಗ ನಲವತ್ತಾರು. ಅಪ್ಪ ಬಾದಾಮಿಯ ಕಲ್ಲುಗಣಿಯಲ್ಲಿ ಉಳಿ ಹಿಡಿದವರು. ಏಳನೆಯ ಇಯತ್ತೆ ಕಲಿತ ಮಗ ಇಪ್ಪತ್ತೆಂಟನೆಯ ವಯಸ್ಸಿಗೆ ಮಲೇರಿಯಾ ಖಾತೆಗೆ ಸೇರಿದ. ದಿನಕ್ಕೆ ಐವತ್ತು ಮನೆ, ಹದಿನೈದು ದಿನಕ್ಕೊಮ್ಮೆ ಅದೇ ಬಾಗಿಲು, ಆರು ಊರು. ಹದಿನೆಂಟು ವರ್ಷದಲ್ಲಿ ಮೂರು ಸೈಕಲ್ ಸವೆದಿವೆ. ತಾಲೂಕಿನಲ್ಲಿ ಯಾವ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಎಂಬುದು ಅವರಿಗೆ ಗೊತ್ತು.

ಜ್ವರದಾಚೆಗಿನ ಈ ಪ್ರಶ್ನೆಗಳು ಶುರುವಾದದ್ದು ೧೯೭೪ರಲ್ಲಿ. ಅದಕ್ಕೆ ಕಾರಣನಾದವನು ಶಂಕ್ರಪ್ಪ ಎಂಬ ಮುದುಕ. ಒಂದು ಕಾಲಕ್ಕೆ ಊರ ಭಜನೆಯಲ್ಲಿ ಮೊದಲ ದನಿ ಅವನದು. ಕಿವಿ ಮಂದವಾದ ಮೇಲೆ ತಾಳ ತಪ್ಪತೊಡಗಿತು. ಯಾರೂ ಬೇಡ ಅನ್ನಲಿಲ್ಲ, ತಾನೇ ಹೋಗುವುದನ್ನು ಬಿಟ್ಟ. ಒಂದು ಮುಂಜಾನೆ ಅವನು ಹೊಳಬಸಪ್ಪನವರನ್ನು ಕರೆದು ತನ್ನ ಛತ್ರಿಯನ್ನು ಕೈಗಿಟ್ಟ. "ಬಿಸಲಾಗ ತಿರಗ್ತಿ. ನನಗ ಇನ್ನ ಇದು ಬೇಕಾಗೂದಿಲ್ಲ."

"ನಾ ಖುಷೀಲೆ ತಗೊಂಡ್ನಿರಿ," ಎನ್ನುತ್ತಾರೆ ಹೊಳಬಸಪ್ಪ. "ಯಾಕ ಬೇಕಾಗೂದಿಲ್ಲ ಅಂತ ಒಂದ ಮಾತು ಕೇಳಲಿಲ್ಲ," ಎಂದು ಸೇರಿಸುತ್ತಾರೆ.

ಮುಂದಿನ ಸುತ್ತಿಗೆ ಹೋದಾಗ ಆ ಮನೆಯಲ್ಲಿ ಹನ್ನೊಂದನೆಯ ದಿನದ ಕಾರ್ಯ. ಶಂಕ್ರಪ್ಪ ತಾನಾಗಿಯೇ ಜೀವ ಕಳೆದುಕೊಂಡಿದ್ದ.

ಎರಡು ತಿಂಗಳು ಹೊಳಬಸಪ್ಪ ಆ ಓಣಿಯನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಂಡರು. ಕೊನೆಗೊಂದು ದಿನ ರಕ್ತದ ಪಟ್ಟಿ ಒಪ್ಪಿಸಲು ಬಾದಾಮಿಯ ದವಾಖಾನೆಗೆ ಹೋದಾಗ, ಅಲ್ಲಿದ್ದ ವಯಸ್ಸಾದ ಡಾಕ್ಟರ ಮುಂದೆ ಎಲ್ಲ ಹೇಳಿಕೊಂಡರು. ಡಾಕ್ಟರು ಬೈಯಲಿಲ್ಲ. ಜ್ವರದ ಹಾಗೆ ಇದೂ ಒಂದು ಬೇನೆ, ಮುಪ್ಪಿನ ಗುಣವಲ್ಲ ಎಂದರು. ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ, ಮುದುಕರು ದುಃಖ ಅನ್ನುವುದಿಲ್ಲ, ಮೈನೋವು ಅನ್ನುತ್ತಾರೆ; ಬೇಕಾದ ಸಾಮಾನು ಕೊಟ್ಟುಬಿಡುತ್ತಾರೆ, ನಾನೊಂದು ಭಾರ ಅನ್ನುತ್ತಾರೆ.

"ಸಾಯೂ ವಿಚಾರ ಬರ್ತೈತೇನು ಅಂತ ಕೇಳಿದ್ರ ಅವರಿಗೆ ಇಲ್ಲದ ವಿಚಾರ ಹಚ್ಚಿಕೊಟ್ಟಂಗ ಆಗೂದಿಲ್ಲೇನ್ರಿ ಅಂದ್ನಿ," ಎಂದು ಹೊಳಬಸಪ್ಪ ನೆನೆಯುತ್ತಾರೆ. "ಇಲ್ಲ, ಹೊತ್ತ ಭಾರ ಇಳಿಸಿದಂಗ ಆಕ್ಕೈತಿ ಅಂದ್ರು."

ಆ ಮಾತು ತಿಳಿಯಿತು, ಆದರೆ ಬಾಯಿಗೆ ಬರಲು ವರ್ಷವೇ ಹಿಡಿಯಿತು. ಮೊದಮೊದಲು ನಿದ್ದೆ, ಊಟ ಕೇಳಿ ಎದ್ದುಬಿಡುತ್ತಿದ್ದರು. ಸಾಯುವ ವಿಚಾರ ಬರುತ್ತದೆಯೇ ಎಂಬ ಮೂರನೆಯ ಮಾತನ್ನು ಕೇಳದೆಯೇ ಸೈಕಲ್ ಹತ್ತುತ್ತಿದ್ದರು.

ಹೋದ ವರ್ಷ, ೧೯೮೧ರ ಮಳೆಗಾಲ ಮುಗಿಯುವ ಹೊತ್ತಿಗೆ, ಗುರುಲಿಂಗವ್ವನ ಮನೆಯಲ್ಲಿ ಅದನ್ನು ಮತ್ತೊಮ್ಮೆ ಕೇಳಬೇಕಾಯಿತು. ಗುರುಲಿಂಗವ್ವನಿಗೆ ಅರವತ್ತೆಂಟು. ಐವತ್ತು ವರ್ಷ ಎಲೆತೋಟದಲ್ಲಿ ದುಡಿದ ಹೆಂಗಸು. ಕಣ್ಣು ಎಲ್ಲೋ ಇದ್ದರೂ ಬೆರಳು ನೂರು ಎಲೆ ಎಣಿಸಿ ಕಟ್ಟು ಕಟ್ಟುತ್ತಿದ್ದವು. ಮೊಣಕಾಲು ಹಿಡಿದುಕೊಂಡ ಮೇಲೆ ತೋಟ ತಪ್ಪಿತು. ಮನೆಯೇನು ಬರಿದಲ್ಲ. ಮಗ ದುರ್ಗಪ್ಪ, ಸೊಸೆ ಶಿವಲಿಂಗವ್ವ, ನಾಲ್ಕು ಮೊಮ್ಮಕ್ಕಳು, ಎರಡು ಎಮ್ಮೆ. ಹೊಳಬಸಪ್ಪ ಬಂದಾಗಲೆಲ್ಲ "ಗ್ವಾಡಿ ಹೊಲಸ ಮಾಡಾಕ ಬಂದ್ಯಾ" ಎಂದು ಬೈಯುವುದು ಅವಳ ರೂಢಿ.

ಆ ದಿನ ಬೈಯಲಿಲ್ಲ. ತಲೆ ಬಾಚಿಕೊಂಡಿರಲಿಲ್ಲ. ಬೀಸಿದ ಹಿಟ್ಟು ನಡುಮನೆಯಲ್ಲಿ ಚೆಲ್ಲಿದ್ದರೂ ನೋಡದೆ ಕೂತಿದ್ದಳು. ಮೊಮ್ಮಗಳೊಬ್ಬಳು ಮುದುಕಿಯ ಮೂಗುಬಟ್ಟು ಇಟ್ಟುಕೊಂಡು ಓಡಾಡುತ್ತಿದ್ದಳು. "ಅವ್ವ ತಾನ ಬಿಚ್ಚಿ ಕೊಟ್ಲು," ಎಂದಳು ಶಿವಲಿಂಗವ್ವ. "ಊಟಾ ಬಿಟ್ಟಾಳ್ರಿ. ವಯಸ್ಸಾತಲ್ರಿ, ಹಿಂಗ ಇರ್ತೈತಿ."

ಹೊಳಬಸಪ್ಪ ಚೀಲ ಕೆಳಗಿಟ್ಟರು. "ಯವ್ವಾ, ಬದಕೂದು ಸಾಕು ಅನಸೇತೇನು? ಜೀವಾ ತಕ್ಕೋಬೇಕು ಅಂತ ಮನಸಿನ್ಯಾಗ ಬಂದೈತೇನು?"

ಸೊಸೆಯ ಕೈಯಲ್ಲಿನ ಮೊರ ನಿಂತಿತು. "ಬಂದೈತೋ ತಮ್ಮಾ," ಎಂದಳು ಗುರುಲಿಂಗವ್ವ. "ಎಂಟ ದಿನಾ ಆತು. ಕುಂತ ಉಣ್ಣಾಕ ನಾ ಯಾಕ ಇರಬೇಕು?"

ಹೊಳಬಸಪ್ಪ ಬುದ್ಧಿ ಹೇಳಲಿಲ್ಲ, ದೇವರ ಹೆಸರೂ ಎತ್ತಲಿಲ್ಲ. ಪಕ್ಕದ ಮನೆಯ ರಾಜಮಹ್ಮದನನ್ನು ತೋಟಕ್ಕೆ ಕಳಿಸಿ ದುರ್ಗಪ್ಪನನ್ನು ಕರೆಸಿದರು. ಅವನು ಬರುವ ತನಕ ಮುದುಕಿಯ ಬಳಿಯಿಂದ ಏಳಲಿಲ್ಲ. ಅಷ್ಟರಲ್ಲಿ ಅವಳು ಅತ್ತಳು. ತೋಟ ತಪ್ಪಿದ ಒಂಬತ್ತು ತಿಂಗಳಿಂದ ಅತ್ತಿರಲಿಲ್ಲವಂತೆ.

ದುರ್ಗಪ್ಪ ಬಂದವನೇ ಕೆಂಡವಾದ. "ನಮ್ಮವ್ವಗ ಹುಚ್ಚ ಹಿಡದೈತಿ ಅಂತ ಊರ ತುಂಬ ಸಾರಾಂವ ಏನ್ ನೀ? ನಾವೇನ್ ಆಕೀನ ಉಪಾಸ ಕೆಡವೀವೇನು? ಜ್ವರಾ ಕೇಳಾಕ ಬಂದಾಂವ ಜ್ವರಾ ಕೇಳಿ ಹೋಗು." ಹೊಳಬಸಪ್ಪನವರ ಚೀಲವನ್ನು ತಾನೇ ಎತ್ತಿ ಹೊರಗಿಟ್ಟ.

ಹೊಳಬಸಪ್ಪ ಓಣಿಯಲ್ಲಿ ಬೇವಿನ ಗಿಡದ ಕೆಳಗೆ ನಿಂತರು. ಇನ್ನೂ ಮೂವತ್ತೊಂದು ಮನೆ ಬಾಕಿ. ಹೋಗಲಿಲ್ಲ. "ಬೈಲಿ ಬಿಡು ಅನಿಸ್ತು. ಛತ್ರಿ ಇಸಗೊಂಡು ಹೋದಾಂವ ನಾ, ಇನ್ನೊಮ್ಮಿ ಹೋಗಬಾರದು," ಎನ್ನುತ್ತಾರೆ ಅವರು. ಬಿಸಿಲು ನೆತ್ತಿಗೆ ಬಂದಾಗ ಶಿವಲಿಂಗವ್ವನೇ ಹೊರಗೆ ಬಂದಳು. ಗುರುಲಿಂಗವ್ವ ಮಗನ ಮುಂದೆಯೂ ಅದೇ ಮಾತು ಹೇಳಿದ್ದಳು. ಹೆಂಡತಿಯ ಹಿಂದೆ ಬಂದ ದುರ್ಗಪ್ಪನ ಮುಖ ಇಳಿದುಹೋಗಿತ್ತು. "ಈಗೇನ್ ಮಾಡೂದ್ರಿ?" ಎಂದ.

ಹೊಳಬಸಪ್ಪ ಮನೆಯಲ್ಲಿದ್ದ, ಬೆಳೆಗೆ ಹೊಡೆಯುವ ಔಷಧಿಯನ್ನೆಲ್ಲ ರಾಜಮಹ್ಮದನ ಮನೆಗೆ ಸಾಗಿಸಿ ಬೀಗ ಹಾಕಿಸಿದರು. ಮುದುಕಿಯನ್ನು ಒಂದು ಗಳಿಗೆಯೂ ಒಬ್ಬಳೇ ಬಿಡಬಾರದೆಂದರು. ಅವತ್ತೇ ಚಕ್ಕಡಿ ಕಟ್ಟಿ ಬಾದಾಮಿಯ ದವಾಖಾನೆಗೆ ಹೊರಟರು. ಡಾಕ್ಟರು ಗುಳಿಗೆ ಬರೆದರು, ಮೊಣಕಾಲನ್ನೂ ನೋಡಿದರು. ಗುಣ ಕಾಣಲು ಮೂರು ವಾರ ಬೇಕು, ನಡುವೆ ಬಿಡಬೇಡಿ ಎಂದರು.

ಗುರುಲಿಂಗವ್ವ ನಡುವೆ ಬಿಟ್ಟಳು. ಬಾಯಿ ಒಣಗುತ್ತದೆ ಎಂದು ಗುಳಿಗೆಯನ್ನು ಎಮ್ಮೆ ನೀರು ಕುಡಿಯುವ ಬಾನಿಗೆ ಎಸೆದಳು. ಹೊಳಬಸಪ್ಪ ಮೂರು ದಿನಕ್ಕೊಮ್ಮೆ, ಕೆಲಸ ಮುಗಿಸಿದ ಮೇಲೆ, ಎಂಟು ಮೈಲಿ ತುಳಿದುಕೊಂಡು ಬಂದು ಕೂತು ಹೋಗತೊಡಗಿದರು. ಮತ್ತೆ ಗುಳಿಗೆ ಶುರುವಾಯಿತು. ದುರ್ಗಪ್ಪ ತೋಟದಿಂದ ಎಲೆಯ ಬುಟ್ಟಿಯನ್ನು ಮನೆಗೇ ಹೊತ್ತು ತಂದು ಅವ್ವನ ಮುಂದಿಟ್ಟ. ಮೊದಲ ವಾರ ಅವಳು ಮುಟ್ಟಲಿಲ್ಲ. ಎರಡನೆಯ ವಾರ ಸೊಸೆ ಕಟ್ಟಿದ ಕಟ್ಟು ಬಿಚ್ಚಿ, "ನೂರಲ್ಲ, ತೊಂಬತ್ತೇಳು ಅದಾವು," ಎಂದಳಂತೆ. ಅದನ್ನು ಹೇಳುವಾಗ ಶಿವಲಿಂಗವ್ವ ಇವತ್ತೂ ನಗುತ್ತಾಳೆ.

ಇತ್ತ ಹೊಳಬಸಪ್ಪನವರಿಗೆ ಮೇಲಿನವರಿಂದ ನೋಟೀಸು ಬಂದಿತ್ತು: ಮೂವತ್ತೊಂದು ಮನೆ ಯಾಕೆ ತಪ್ಪಿದವು? ಅವರು ನಿಜವನ್ನೇ ಬರೆದುಕೊಟ್ಟರು. ಉತ್ತರ ಬರಲಿಲ್ಲ. ಆ ವರ್ಷದ ಬಡ್ತಿಯೂ ಬರಲಿಲ್ಲ.

ಇಲ್ಲಿಯವರೆಗೆ ಆ ಮೂರನೆಯ ಮಾತನ್ನು ಅವರು ಇಪ್ಪತ್ತಮೂರು ಮುದುಕ ಮುದುಕಿಯರಿಗೆ ಕೇಳಿದ್ದಾರೆ. ಹೌದು ಎಂದವರು ಒಂಬತ್ತು ಜನ. ಎಲ್ಲರಿಗೂ ಗುಳಿಗೆ ಬೇಕಾಗಲಿಲ್ಲ. ಕಣ್ಣಿನ ಪೊರೆ ತೆಗೆಸಿದ ಮೇಲೆ ದಸ್ತಗೀರಬಿ ಎಂಬ ಅಜ್ಜಿ ತಾನಾಗಿಯೇ ಚೇತರಿಸಿಕೊಂಡಳು. ಒಬ್ಬ ಹಿರಿಯರು ಮಾತ್ರ ಉಳಿಯಲಿಲ್ಲ. ಅವರ ಹೆಸರನ್ನು ಹೊಳಬಸಪ್ಪ ಹೇಳುವುದಿಲ್ಲ.

"ಮಕ್ಕಳು ಸಿಟ್ಟಾಗ್ಯಾರ್ರಿ, ಖರೆ. ಆದ್ರ ಕೇಳಿಸಿಕೊಂಡ ಮುದುಕರು ಒಬ್ಬರೂ ಸಿಟ್ಟಾಗಿಲ್ಲ. ಯಾರರೆ ಕೇಳ್ತಾರೇನಂತ ದಾರಿ ನೋಡ್ತಿರ್ತಾರ."

ಇವತ್ತಿನ ಐವತ್ತನೆಯ ಬಾಗಿಲು ಮುಗಿದಿದೆ. ಹೊಳಬಸಪ್ಪ ಕೈಗೆ ಹತ್ತಿದ ಕಾವಿಯನ್ನು ಹುಲ್ಲಿಗೆ ಒರೆಸಿಕೊಳ್ಳುತ್ತಾರೆ. ನಿವೃತ್ತಿಗೆ ಹನ್ನೆರಡು ವರ್ಷ ಇದೆ. ಆಮೇಲೆ ಏನು ಆಸೆ ಎಂದರೆ, ಹೇಳಲು ನಾಚುತ್ತಾರೆ.

"ನಮ್ಮಾಕಿ ಮಾದೇವಿಗೆ ಈಗ ಹೇಳಿಟ್ಟೇನ್ರಿ. ನಾ ಮುದುಕ ಆಗಿ, ಗ್ವಾಡಿ ಕಡೆ ಮಾರಿ ಮಾಡಿ ಸುಮ್ಮನ ಬಿದ್ದಕೊಂಡ್ರ, ವಯಸ್ಸಾತು ಅಂತ ಬಿಡಬ್ಯಾಡ. ಬಾಜೂಕ ಕುಂತು ಕೇಳು ಅಂದೇನಿ."